ಅಕ್ಷರದ ಹಕ್ಕಿಗಾಗಿ ಬಾಳು ಸವೆಸಿದ ಕುದ್ಮುಲ್ ರಂಗರಾಯರು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿ ಅಂತ ಸಂಪಾದಕ ಮಂಡಳಿಯವರು ಕೇಳಿದರು. ಸಾಲ, ಠೇವಣಿ, ಗೊಬ್ಬರ, ಬೀಜದ ಲೆಕ್ಕವೆಲ್ಲ ಕಾರ್ಯದರ್ಶಿಯವರ ವರದಿಯಲ್ಲಿ ಬಂದೇ ಬರುತ್ತದೆ. ಹಾಗಾಗಿ ನಾವು ಒಬ್ಬ ಹಿರಿಯರ ಜೀವನ ಚರಿತ್ರೆಯನ್ನು ಬರೆಯೋಣ ಎಂದುಕೊಂಡೆವು. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿ ಬೇಸಾಯಕ್ಕೆ ಇಳಿದವರು. ಪಂಡಿತರ ಹಾಗೆ ಬರೆಯಲು ನಮಗೆ ಬರುವುದಿಲ್ಲ. ತಿಳಿದದ್ದನ್ನು ತಿಳಿದ ಹಾಗೆ ಹೇಳುತ್ತೇವೆ. ನಿಮ್ಮ ಮನೆಯ ಮಕ್ಕಳಿಗೆ ಇದನ್ನು ಓದಿ ಹೇಳಬೇಕಾಗಿ ವಿನಂತಿ.

ನಮ್ಮ ಸೀಮೆಯ ವಿದ್ಯೆಯ ಕಥೆ

ಶಿಕಾರಿಪುರ, ಸೊರಬದ ಸೀಮೆ ಸಾಮಾನ್ಯವಾದುದಲ್ಲ. ತಾಳಗುಂದದ ಕಲ್ಲಿನ ಕಂಬದಲ್ಲಿ ಕದಂಬರ ಮಯೂರಶರ್ಮನ ಕಥೆ ಇದೆ. ಅವನು ಅಜ್ಜನ ಜೊತೆ ಓದಲು ಕಂಚಿಗೆ ಹೋಗಿ, ಅಲ್ಲಿ ಅವಮಾನಪಟ್ಟು, ಪುಸ್ತಕ ಬಿಟ್ಟು ಕತ್ತಿ ಹಿಡಿದವನು. ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನದ ಕೋಡಿಯ ಮಠ ದೊಡ್ಡ ವಿದ್ಯಾಕೇಂದ್ರವಾಗಿತ್ತು. ವೇದ, ವ್ಯಾಕರಣ, ತರ್ಕ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರು ಅಂತ 1162ನೇ ಇಸವಿಯ ಶಾಸನ ಹೇಳುತ್ತದೆ. ದೀನರಿಗೆ, ಕುಂಟರು ಕುರುಡರಿಗೆ ಅನ್ನ, ರೋಗಿಗಳಿಗೆ ಔಷಧಿ ಕೊಡುತ್ತಿದ್ದ ಸಂಗತಿಯೂ ಅದರಲ್ಲಿದೆ. ಅಲ್ಲಮಪ್ರಭು ಬಳ್ಳಿಗಾವಿಯವರು, ಅಕ್ಕಮಹಾದೇವಿ ಉಡುತಡಿಯವರು. 1942ರಲ್ಲಿ ನಮ್ಮದು ಸ್ವತಂತ್ರ ಗ್ರಾಮ ಎಂದು ಸಾರಿದ ಈಸೂರು ನಮ್ಮ ತಾಲ್ಲೂಕಿನದ್ದೇ.

ಇಷ್ಟೆಲ್ಲ ಹೆಮ್ಮೆಪಡುವಾಗ ಒಂದು ಮಾತು ಮರೆಯುವ ಹಾಗಿಲ್ಲ. ಆ ದೊಡ್ಡ ದೊಡ್ಡ ವಿದ್ಯಾಕೇಂದ್ರಗಳಿದ್ದ ಕಾಲದಲ್ಲಿ ಹೊಲ ಉಳುವವರ, ಊರಾಚೆಯ ಕೇರಿಯಲ್ಲಿ ಇರುವವರ ಮಕ್ಕಳಿಗೆ ಆ ಪಾಠ ಇರಲಿಲ್ಲ. ಅಕ್ಷರ ಕೆಲವರ ಸೊತ್ತಾಗಿತ್ತು. ಇದು ನೂರಾರು ವರ್ಷ ಹಾಗೇ ನಡೆದುಕೊಂಡು ಬಂತು.

ಇಂಗ್ಲಿಷರು ಬಂದು ಸರ್ಕಾರಿ ಶಾಲೆ ತೆರೆದ ಮೇಲಾದರೂ ಸರಿಹೋಯಿತೇ ಎಂದರೆ ಅದೂ ಇಲ್ಲ. 1856ರಲ್ಲಿ ನಮಗೆ ಹತ್ತಿರದ ಧಾರವಾಡದಲ್ಲಿ ಒಬ್ಬ ಮಹಾರ್ ಜಾತಿಯ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಅವನನ್ನು ಸೇರಿಸಿಕೊಳ್ಳಲಿಲ್ಲ. ಅರ್ಜಿ ಮುಂಬಯಿ ಸರ್ಕಾರದವರೆಗೂ ಹೋಯಿತು. ಹುಡುಗನ ಕೋರಿಕೆಯಲ್ಲಿ ನ್ಯಾಯವಿದೆ, ಆದರೆ ಒಬ್ಬನಿಗಾಗಿ ಉಳಿದವರ ಮನಸ್ಸಿಗೆ ವಿರುದ್ಧ ಹೋಗಲಾಗದು ಎಂಬ ಅರ್ಥದ ತೀರ್ಮಾನ ಬಂತು. ನ್ಯಾಯ ಇದೆ ಎಂದು ಒಪ್ಪಿಕೊಂಡೇ ಬಾಗಿಲು ಹಾಕಿದರು. ಆಮೇಲೆ 1858ರಲ್ಲಿ, ಸರ್ಕಾರದ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಎಂದು ಮೇಲಿನಿಂದ ಸೂಚನೆ ಬಂತು. ಆದರೆ ಕಾಗದದ ಮೇಲೆ ತೆರೆದ ಬಾಗಿಲು ಊರಿನಲ್ಲಿ ತೆರೆಯಲು ಎಷ್ಟೋ ವರ್ಷ ಹಿಡಿಯಿತು. ಅದನ್ನು ಕೈಯಾರೆ ತೆರೆದವರು ಬೇಕಾಗಿತ್ತು. ಪುಣೆಯಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿಗಳು 1848ರಿಂದಲೇ ಆ ಕೆಲಸಕ್ಕೆ ಕೈ ಹಾಕಿದ್ದರು. ನಮ್ಮ ಕನ್ನಡ ನಾಡಿನಲ್ಲಿ ಹಾಗೆ ಮಾಡಿದ ಮೊದಲಿಗರಲ್ಲಿ ಒಬ್ಬರು ಘಟ್ಟದ ಕೆಳಗಿನ ಮಂಗಳೂರಿನ ಕುದ್ಮುಲ್ ರಂಗರಾಯರು.

ಬಾಲ್ಯ ಮತ್ತು ವಕೀಲಿ

ರಂಗರಾಯರು ಹುಟ್ಟಿದ್ದು 1859ನೇ ಇಸವಿ ಜೂನ್ 29ರಂದು, ಕಾಸರಗೋಡಿನ ಕಡೆಯ ಕುದ್ಮುಲ್ ಎಂಬಲ್ಲಿ. ಕಾಸರಗೋಡು ಈಗ ಕೇರಳಕ್ಕೆ ಸೇರಿದೆ. ಆಗ ಅದು ಮಂಗಳೂರಿನ ಜೊತೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಮದ್ರಾಸ್ ಪ್ರಾಂತ್ಯದೊಳಗೆ ಇತ್ತು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ಜಾತಿಯಲ್ಲಿ ಮೇಲಿದ್ದರೂ ಮನೆಯಲ್ಲಿ ಸಿರಿವಂತಿಕೆ ಇರಲಿಲ್ಲ. ಹದಿಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ಸಂಸಾರದ ಭಾರ ಹೊತ್ತರು. ಹೊಟ್ಟೆಪಾಡಿಗೆ ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾದರು. ಕೆಲಸ ಮಾಡುತ್ತಲೇ ಓದಿ, ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಕೇಸುಗಳನ್ನು ಹಿಡಿದು ನಡೆಸುವ ಪ್ರಾಮಾಣಿಕ ವಕೀಲರು ಎಂದು ಹೆಸರು ಬಂತು.

ಆ ಕಾಲದಲ್ಲಿ ಮಂಗಳೂರಿನಲ್ಲಿ ಬ್ರಹ್ಮ ಸಮಾಜದ ಗಾಳಿ ಬೀಸುತ್ತಿತ್ತು. ಉಳ್ಳಾಲ ರಘುನಾಥಯ್ಯನವರು ಮೊದಲಾದವರು ಜಾತಿ ಭೇದ ಸಲ್ಲದು, ದೇವರು ಒಬ್ಬನೇ ಎಂದು ಸಾರುತ್ತಿದ್ದರು. ರಂಗರಾಯರು ಆ ಬಳಗ ಸೇರಿದರು. ಎಷ್ಟೋ ಜನ ಇಂಥ ಮಾತನ್ನು ಕೇಳಿ, ತಲೆದೂಗಿ, ಮನೆಗೆ ಹೋಗಿ ಮಲಗಿಬಿಡುತ್ತಾರೆ. ರಂಗರಾಯರು ಹಾಗೆ ಮಾಡಲಿಲ್ಲ. ನಾವು ಅವರನ್ನು ನೆನೆಯುವುದು ಇದಕ್ಕೇ.

1892ರ ಬಾಡಿಗೆ ಮನೆಯ ಶಾಲೆ

ಆಗಿನ ದಕ್ಷಿಣ ಕನ್ನಡದಲ್ಲಿ ಅಸ್ಪೃಶ್ಯರ ಪಾಡು ಹೇಳತೀರದು. ಮುಟ್ಟುವುದು ಹಾಗಿರಲಿ, ಹತ್ತಿರ ಬಂದರೂ ಮೈಲಿಗೆ. ಅದರಲ್ಲೂ ಕೊರಗರ ಪಾಡು ಎಲ್ಲರಿಗಿಂತ ಕಷ್ಟದ್ದು. ಇಂಥ ಮಕ್ಕಳಿಗಾಗಿ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು ಶಾಲೆ ಶುರು ಮಾಡಿದರು. ಆಗ ಅವರಿಗೆ ಮೂವತ್ತಮೂರು ವರ್ಷ. ಬಾಬಾಸಾಹೇಬ್ ಅಂಬೇಡ್ಕರ್ ಆಗಿನ್ನೂ ಒಂದು ವರ್ಷದ ಕೂಸು. ಗಾಂಧೀಜಿಯವರು ಹರಿಜನ ಸೇವಕ ಸಂಘ ಕಟ್ಟಿದ್ದು ಇದಾಗಿ ನಲವತ್ತು ವರ್ಷಕ್ಕೆ, 1932ರಲ್ಲಿ. ಎಷ್ಟು ಮುಂಚೆ ಈ ಮನುಷ್ಯ ಎದ್ದಿದ್ದರು ಎಂಬುದನ್ನು ಇದರಿಂದಲೇ ಅಳೆಯಬಹುದು.

ಶಾಲೆ ತೆರೆದ ಕೂಡಲೇ ವಿರೋಧ ಎದ್ದಿತು. ಮೊದಲ ಜಾಗದಲ್ಲಿ ಶಾಲೆ ನಿಲ್ಲಲಿಲ್ಲ, ಬೇರೆ ಕಡೆಗೆ ಹೋಗಬೇಕಾಯಿತು. ಈ ಮಕ್ಕಳಿಗೆ ಪಾಠ ಹೇಳಲು ಮೇಷ್ಟ್ರುಗಳು ಸಿಗುವುದೇ ಕಷ್ಟವಾಗಿತ್ತು. ಸ್ವಂತ ಜಾತಿಯವರು ರಂಗರಾಯರಿಗೆ ಬಹಿಷ್ಕಾರ ಹಾಕಿದರು. ನಮ್ಮಂಥ ಹಳ್ಳಿಯವರಿಗೆ ಬಹಿಷ್ಕಾರ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಮುಂಜಿಗೆ ಕರೆಯೋಲೆ ಇಲ್ಲ, ಸಾವು ನೋವಿಗೆ ನೆಂಟರಿಲ್ಲ, ಎದುರು ಸಿಕ್ಕರೂ ಮಾತಿಲ್ಲ. ಹೆಂಡತಿ ಮಕ್ಕಳಿದ್ದವರಿಗೆ ಇದು ಸಣ್ಣ ಶಿಕ್ಷೆ ಅಲ್ಲ.

ರಂಗರಾಯರು ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದರು. ಕಂಕನಾಡಿ, ಬೋಳೂರು, ಅತ್ತಾವರ, ಆಮೇಲೆ ಮೂಲ್ಕಿ, ಉಡುಪಿ ಕಡೆಗೂ ಶಾಲೆಗಳು ಹೋದವು. ಈ ಕೆಲಸ ತಮ್ಮೊಬ್ಬರ ಕಾಲಕ್ಕೆ ಮುಗಿದು ಹೋಗಬಾರದು ಎಂದು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿದರು. ದಮನಕ್ಕೆ ಒಳಗಾದ ವರ್ಗಗಳ ಏಳಿಗೆಯ ಸಂಸ್ಥೆ ಎಂದು ಇದರ ಅರ್ಥ. ಒಬ್ಬ ಮನುಷ್ಯನ ಒಳ್ಳೆಯತನ ಅವನ ಜೊತೆಗೇ ಹೋಗಿಬಿಡುತ್ತದೆ, ಸಂಸ್ಥೆ ಕಟ್ಟಿದರೆ ಉಳಿಯುತ್ತದೆ. ಸಹಕಾರಿಗಳಾದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎರಡು ಪೈಸೆ ಮತ್ತು ಮಧ್ಯಾಹ್ನದ ಊಟ

ರಂಗರಾಯರ ನಿಜವಾದ ಬುದ್ಧಿವಂತಿಕೆ ಇಲ್ಲಿದೆ, ದಯಮಾಡಿ ಗಮನವಿಟ್ಟು ಓದಿ. ಶಾಲೆ ತೆರೆದರೂ ಮಕ್ಕಳು ಬರಲಿಲ್ಲ, ಬಂದವರು ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ಈ ಜನಕ್ಕೆ ಓದು ಬೇಕಾಗಿಲ್ಲ, ಎಷ್ಟು ಹೇಳಿದರೂ ಅಷ್ಟೇ ಎಂದು ಕೈ ತೊಳೆದುಕೊಳ್ಳುತ್ತಿದ್ದರು. ಇವತ್ತಿಗೂ ಹಾಗೆ ಹೇಳುವವರು ನಮ್ಮೂರ ಕಟ್ಟೆಯ ಮೇಲೆ ಸಿಗುತ್ತಾರೆ. ರಂಗರಾಯರು ಮಾತ್ರ, ಈ ಮಕ್ಕಳು ಯಾಕೆ ಬರುತ್ತಿಲ್ಲ ಎಂದು ವಿಚಾರ ಮಾಡಿದರು.

ಕಾರಣ ಕಷ್ಟದ್ದೇನಲ್ಲ. ಕೂಲಿ ಮಾಡುವ ಮನೆಯಲ್ಲಿ ಎಂಟು ಹತ್ತು ವರ್ಷದ ಮಗುವೂ ದುಡಿಯುವ ಕೈಯೇ. ದನ ಕಾಯುವುದು, ಸೌದೆ ತರುವುದು, ಚಿಕ್ಕ ಮಗುವನ್ನು ಎತ್ತಿಕೊಳ್ಳುವುದು, ಒಡೆಯರ ಮನೆಯ ಚಾಕರಿ, ಇದೆಲ್ಲ ಮಕ್ಕಳ ಪಾಲಿನ ಕೆಲಸ. ಆ ಮಗು ಶಾಲೆಗೆ ಹೋದರೆ ಮನೆಗೆ ಆ ದಿನದ ಗಂಜಿಯಲ್ಲಿ ಖೋತಾ. ಅದಕ್ಕೆ ರಂಗರಾಯರು ಶಾಲೆಗೆ ಬಂದ ಮಗುವಿನ ಲೆಕ್ಕಕ್ಕೆ ದಿನಕ್ಕೆ ಎರಡು ಪೈಸೆ ಕೊಡುವ ಪದ್ಧತಿ ಮಾಡಿದರು. ಮಧ್ಯಾಹ್ನ ಊಟವನ್ನೂ ಹಾಕಿಸಿದರು. ಹಸಿದ ಹೊಟ್ಟೆಗೆ ವೇದಾಂತ ಹೇಳಬಾರದು ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಅದನ್ನು ಶಾಲೆಯ ನಿಯಮವಾಗಿ ಮಾಡಿದವರು ಅವರು.

ಕರ್ನಾಟಕ ಸರ್ಕಾರದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ನಮ್ಮ ಕಡೆಯ ಶಾಲೆಗಳಿಗೂ ಬಂತು. ಈಗ ನಮ್ಮೂರ ಶಾಲೆಯಲ್ಲಿ ಮಧ್ಯಾಹ್ನ ಅನ್ನ ಸಾರಿನ ವಾಸನೆ ಬರುವುದನ್ನು ನಾವೆಲ್ಲ ಬಲ್ಲೆವು. ಆ ಬಿಸಿಯೂಟಕ್ಕಿಂತ ನೂರು ವರ್ಷ ಮೊದಲೇ ಮಂಗಳೂರಿನ ಒಬ್ಬ ವಕೀಲರು ಇದನ್ನು ಮಾಡಿ ತೋರಿಸಿದ್ದರು.

ಓದಿನ ಜೊತೆಗೆ ಕೈಕಸುಬೂ ಬೇಕು ಎಂದು ನೇಯ್ಗೆ, ಬಡಗಿ ಕೆಲಸ ಕಲಿಸಲು ಏರ್ಪಾಡು ಮಾಡಿದರು. ಮಂಗಳೂರಿನ ಶೇಡಿಗುಡ್ಡೆಯಲ್ಲಿ ಶಾಲೆ, ವಿದ್ಯಾರ್ಥಿ ನಿಲಯ ಬೆಳೆದವು. ಹೆಣ್ಣುಮಕ್ಕಳ ಓದಿಗೂ ಅಷ್ಟೇ ಗಮನ ಕೊಟ್ಟರು. ಇನ್ನೊಬ್ಬರ ಜಮೀನಿನಲ್ಲಿ ಗುಡಿಸಲು ಹಾಕಿಕೊಂಡವನು ಒಡೆಯನ ಮಾತು ಮೀರಿ ಮಗನನ್ನು ಶಾಲೆಗೆ ಕಳಿಸಲಾರ ಎಂಬುದನ್ನೂ ಅವರು ಕಂಡುಕೊಂಡರು. ಸರ್ಕಾರದ ಬೆನ್ನು ಹತ್ತಿ, ದಲಿತ ಕುಟುಂಬಗಳಿಗೆ ಸ್ವಂತ ಜಾಗ ಕೊಡಿಸಿ ನೆಲೆ ಮಾಡಿಸಿದರು. ಹೊಟ್ಟೆಗೆ ಊಟ, ಕೈಗೆ ಕಸುಬು, ಕಾಲ ಕೆಳಗೆ ನೆಲ, ಇಷ್ಟೂ ಸೇರಿದರೆ ಮಾತ್ರ ಮಗುವಿನ ಕೈಯಲ್ಲಿ ಸ್ಲೇಟು ನಿಲ್ಲುತ್ತದೆ ಎಂದು ಅವರು ಅರಿತಿದ್ದರು.

ಮನೆಯಿಂದಲೇ ಆರಂಭ

ಊರಿಗೆ ಉಪದೇಶ ಹೇಳಿ ಮನೆಯಲ್ಲಿ ಬೇರೆ ನಡೆಯುವವರು ಬಹಳ. ರಂಗರಾಯರು ಹಾಗಿರಲಿಲ್ಲ. 1891ರಲ್ಲಿ ಹುಟ್ಟಿದ ಮಗಳು ರಾಧಾಬಾಯಿಯನ್ನು ಚೆನ್ನಾಗಿ ಓದಿಸಿದರು. ಆಕೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಆಮೇಲೆ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲೂ ಓದಿದರು. 1912ರಲ್ಲಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರರಾದ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಅದು ಜಾತಿ ಮೀರಿದ ಮದುವೆ. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿಯವರು 1930ರಲ್ಲಿ ಲಂಡನ್ನಿನ ದುಂಡು ಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋಗಿದ್ದರು. ರಂಗರಾಯರ ಮೊಮ್ಮಗ ಜನರಲ್ ಪಿ.ಪಿ. ಕುಮಾರಮಂಗಲಂ ಭಾರತ ಸೇನೆಯ ಮುಖ್ಯಸ್ಥರಾದರು. ಇನ್ನೊಬ್ಬ ಮೊಮ್ಮಗ ಮೋಹನ್ ಕುಮಾರಮಂಗಲಂ ಕೇಂದ್ರ ಮಂತ್ರಿಯಾದರು. ಮೊಮ್ಮಗಳು ಪಾರ್ವತಿ ಕೃಷ್ಣನ್ ಲೋಕಸಭೆಯ ಸದಸ್ಯರಾಗಿದ್ದರು. ಒಂದು ಮನೆಯ ಹೆಣ್ಣು ಮಗಳಿಗೆ ಓದು ಕೊಟ್ಟರೆ ಆ ಬೆಳೆ ಎಷ್ಟು ತಲೆಮಾರಿಗೆ ಫಲ ಕೊಡುತ್ತದೆ ನೋಡಿ.

ಕೊನೆಯ ದಿನಗಳು

ಸರ್ಕಾರ ಅವರಿಗೆ ರಾವ್ ಸಾಹೇಬ್ ಮಾದರಿಯ ಬಿರುದು ಕೊಟ್ಟು ಗೌರವಿಸಿತು. ಬಿರುದಿನಿಂದ ಅವರೇನೂ ಬದಲಾಗಲಿಲ್ಲ. ವಯಸ್ಸಾದಂತೆ, ತಾವು ಕಟ್ಟಿದ ಸಂಸ್ಥೆಯನ್ನು ಗೋಖಲೆಯವರ ಭಾರತ ಸೇವಕ ಸಮಾಜದ ಕೈಗೆ ಒಪ್ಪಿಸಿದರು. 1927ರಲ್ಲಿ ಸಂನ್ಯಾಸ ತೆಗೆದುಕೊಂಡು ಈಶ್ವರಾನಂದ ಸ್ವಾಮಿ ಎಂಬ ಹೆಸರು ಪಡೆದರು. 1928ನೇ ಇಸವಿ ಜನವರಿ 30ರಂದು ತೀರಿಕೊಂಡರು.

ಸಾಯುವ ಮುಂಚೆ ಅವರು ಒಂದು ಆಸೆ ಹೇಳಿದ್ದರು. ಊರಿನವರು ಅತ್ಯಂತ ಕೀಳೆಂದು ದೂರ ಇಟ್ಟ ದಲಿತ ಬಂಧುಗಳೇ ತಮ್ಮ ಹೆಣಕ್ಕೆ ಹೆಗಲು ಕೊಡಬೇಕು ಎಂಬುದೇ ಆ ಆಸೆ. ಬದುಕಿದ್ದಾಗ ಯಾರಿಗೆ ಹೆಗಲು ಕೊಟ್ಟಿದ್ದರೋ ಅವರ ಹೆಗಲ ಮೇಲೆಯೇ ಹೋಗಬೇಕೆಂದು ಬಯಸಿದರು. ದಲಿತರ ಮಕ್ಕಳು ಓದಿ, ದೊಡ್ಡ ಹುದ್ದೆಗೆ ಏರಿ, ನಮ್ಮ ಊರ ರಸ್ತೆಯಲ್ಲೇ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎಂಬ ಅರ್ಥದ ಮಾತನ್ನು ಅವರು ಆಡಿದ್ದನ್ನು ಮಂಗಳೂರಿನ ಕಡೆ ಇವತ್ತಿಗೂ ನೆನೆಯುತ್ತಾರೆ. ನೂರಾರು ಮಕ್ಕಳಿಗೆ ಅಕ್ಷರ ಕೊಟ್ಟವರು ತಮಗಾಗಿ ಕೇಳಿದ್ದು ಆ ಧೂಳನ್ನು ಮಾತ್ರ.

1934ರಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ರಂಗರಾಯರ ಸಂಸ್ಥೆಗೆ ಭೇಟಿ ಕೊಟ್ಟು ಅವರ ಕೆಲಸವನ್ನು ಕೊಂಡಾಡಿದರು. ಈಗ ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾಯರ ಹೆಸರಿದೆ. ಕೋರ್ಟು ಕಚೇರಿ, ಆಸ್ಪತ್ರೆ ಎಂದು ಆ ಕಡೆ ಹೋಗುವ ನಮ್ಮವರು ಆ ಹೆಸರನ್ನು ಒಮ್ಮೆ ನಿಂತು ಓದಬೇಕು.

ನಮ್ಮ ಮೈಸೂರು ಸೀಮೆಯಲ್ಲಿ

ನಮ್ಮ ಶಿಕಾರಿಪುರ, ಸೊರಬ ಆಗ ಮೈಸೂರು ಮಹಾರಾಜರ ಆಡಳಿತದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. 1915ರಲ್ಲಿ, ಜಾತಿಯ ಕಾರಣಕ್ಕೆ ಯಾವ ಮಗುವನ್ನೂ ಸಾರ್ವಜನಿಕ ಶಾಲೆಯಿಂದ ಹೊರಗಿಡಬಾರದು ಎಂದು ಸರ್ಕಾರ ಆಜ್ಞೆ ಮಾಡಿತು. ಆಗ ಕೆಲವು ಕಡೆ ಮೇಲ್ಜಾತಿಯವರು ತಮ್ಮ ಮಕ್ಕಳನ್ನೇ ಶಾಲೆ ಬಿಡಿಸಿದರು. ಸರ್ಕಾರ ಬಾಗಿಲು ತೆರೆದರೂ ಊರು ಮನಸ್ಸು ತೆರೆಯದಿದ್ದರೆ ಹೀಗಾಗುತ್ತದೆ.

1950ರಲ್ಲಿ ಸಂವಿಧಾನ ಜಾರಿಗೆ ಬಂದು ಅಸ್ಪೃಶ್ಯತೆ ಅಪರಾಧವಾಯಿತು. 2002ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ಆಗಿ ಶಿಕ್ಷಣ ಮೂಲಭೂತ ಹಕ್ಕಾಯಿತು. 2009ರಲ್ಲಿ ಪಾಸಾದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕು. ಯಾರೋ ದೊಡ್ಡವರು ದಯೆ ತೋರಿ ಕೊಡುವ ದಾನ ಅಲ್ಲ. ರಂಗರಾಯರು ಬಾಡಿಗೆ ಮನೆಯಲ್ಲಿ ಶುರು ಮಾಡಿದ್ದು ದೇಶದ ಕಾನೂನಾಗಲು ನೂರಾ ಹದಿನೆಂಟು ವರ್ಷ ಬೇಕಾಯಿತು.

ನಮಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ದಿನದಿಂದ ನಾವು ಸಹಕಾರಿಗಳು ಸಮಾನತೆಯ ದಾರಿಯಲ್ಲೇ ನಡೆದವರು. ನಮ್ಮ ಸಂಘದಲ್ಲಿ ನೂರು ಷೇರು ಇದ್ದವರಿಗೂ ಒಂದೇ ಮತ, ಒಂದು ಷೇರು ಇದ್ದವರಿಗೂ ಒಂದೇ ಮತ. ವಾರ್ಷಿಕ ಸಭೆಯಲ್ಲಿ ಎಲ್ಲರೂ ಒಂದೇ ಜಮಖಾನದ ಮೇಲೆ ಕೂರುತ್ತೇವೆ. ಆದರೆ ಸಾಲದ ಪತ್ರ ಓದಿ ಸಹಿ ಮಾಡುವವನಿಗೂ, ಏನು ಬರೆದಿದೆ ಎಂದು ತಿಳಿಯದೆ ಹೆಬ್ಬೆಟ್ಟು ಒತ್ತುವವನಿಗೂ ಇರುವ ಅಂತರವನ್ನು ಒಂದು ಮತದಿಂದ ತುಂಬಲು ಆಗುವುದಿಲ್ಲ. ಅದನ್ನು ಶಾಲೆಯೇ ತುಂಬಬೇಕು.

ಭತ್ತದ ಕೊಯ್ಲು, ಜೋಳ ಮುರಿಯುವ ಕಾಲ, ಶುಂಠಿ ಕೀಳುವ ಕಾಲ ಬಂದಾಗ ನಮ್ಮ ಎರಡೂ ತಾಲ್ಲೂಕುಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿದೆ. ಹೊರಗಿನಿಂದ ಕೂಲಿಗೆ ಬಂದವರ ಮಕ್ಕಳು ಗುಡಾರದ ಹತ್ತಿರವೇ ಉಳಿಯುತ್ತಾರೆ. ನಮ್ಮೂರಿನ ಬಡ ಮನೆಯ ಮಗುವೂ ನಾಲ್ಕು ದಿನ ಎಂದು ಶಾಲೆ ಬಿಟ್ಟದ್ದು ನಾಲ್ಕು ವಾರವಾಗುತ್ತದೆ. ಆಮೇಲೆ ಪಾಠ ಅರ್ಥವಾಗದೆ ಮಗು ತಾನಾಗಿಯೇ ಶಾಲೆ ಬಿಡುತ್ತದೆ. ಕಾನೂನು ಇದೆ, ಊಟ ಇದೆ, ಹಾಸ್ಟೆಲ್ ಇದೆ. ಮಗು ಯಾಕೆ ಬರಲಿಲ್ಲ ಎಂದು ಕೇಳುವ ರಂಗರಾಯರು ಊರಿಗೊಬ್ಬರು ಇಲ್ಲ. ಆ ಕೆಲಸ ಸಂಘದ ಸದಸ್ಯರಾದ ನಾವು ಮಾಡಬಹುದು. ಜಮೀನು ನಮ್ಮದು, ಕೆಲಸಕ್ಕೆ ಕರೆಯುವವರು ನಾವೇ. ಮಕ್ಕಳನ್ನು ಗದ್ದೆಗೆ ಕರೆತರಬೇಡಿ, ಶಾಲೆಗೆ ಕಳಿಸಿ ಬನ್ನಿ ಎಂದು ಹೇಳುವ ಮಾತು ನಮ್ಮ ಬಾಯಿಂದಲೇ ಬರಬೇಕು. ಸಂಘದ ಲಾಭದಲ್ಲಿ ಧರ್ಮಾರ್ಥಕ್ಕೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಇಂಥ ಮಕ್ಕಳ ನೋಟ್ ಬುಕ್ಕು, ಬಸ್ಸಿನ ಖರ್ಚಿಗೆ ಇಡುವ ವಿಷಯವನ್ನು ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ತರಬೇಕೆಂದು ನಮ್ಮ ಸಲಹೆ.

ಮಕ್ಕಳಿಗೂ ಇದನ್ನು ಹೇಳಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? ಬಳ್ಳಿಗಾವಿಗೆ ಪ್ರವಾಸ ಕರೆದುಕೊಂಡು ಹೋದಾಗ ಕೆತ್ತನೆ ತೋರಿಸಿ ಸುಮ್ಮನಾಗದೆ, ಇಲ್ಲಿ ಓದುವ ಅವಕಾಶ ಯಾರಿಗಿತ್ತು, ಯಾರಿಗಿರಲಿಲ್ಲ ಎಂದು ಕೇಳಬೇಕು. ಧಾರವಾಡದ ಆ ಹುಡುಗನ ಕಥೆ ಹೇಳಬೇಕು. ಅವನ ಜಾಗದಲ್ಲಿ ನೀನಿದ್ದರೆ ಹೇಗಾಗುತ್ತಿತ್ತು ಎಂದು ಯೋಚಿಸಲು ಬಿಡಬೇಕು. ಬಿಸಿಯೂಟಕ್ಕೆ ಯಾರ ಪಕ್ಕದಲ್ಲಾದರೂ ಕೂತು ಉಣ್ಣುವುದನ್ನು ಕಲಿಸಬೇಕು. ಮನೆಯಲ್ಲಿ ದೊಡ್ಡವರು ಜಾತಿ ಹಿಡಿದು ಆಡುವ ಮಾತನ್ನು ನಿಲ್ಲಿಸಬೇಕು. ಪುಸ್ತಕದಲ್ಲಿ ಸಮಾನತೆಯ ಪಾಠ ಓದಿ ಬಂದ ಮಗು ಮನೆಯ ಜಗಲಿಯಲ್ಲಿ ಬೇರೆ ಲೋಟ ಕಂಡರೆ ಅದು ಲೋಟದ ಪಾಠವನ್ನೇ ಕಲಿಯುತ್ತದೆ.

ಕುದ್ಮುಲ್ ರಂಗರಾಯರು ಅರಸರಲ್ಲ, ಮಂತ್ರಿಗಳಲ್ಲ. ದುಡಿದು ತಿನ್ನುವ ಒಬ್ಬ ವಕೀಲರು. ದಿನಕ್ಕೆ ಎರಡು ಪೈಸೆ, ಒಂದು ಹೊತ್ತಿನ ಊಟ, ಒಂದು ಬಾಡಿಗೆ ಮನೆ, ಇಷ್ಟರಿಂದ ಅವರು ಆರಂಭ ಮಾಡಿದರು. ನಮ್ಮ ಸಂಘಕ್ಕೆ ಅದಕ್ಕಿಂತ ಹೆಚ್ಚಿನ ಶಕ್ತಿ ಇದೆ. ಮುಂದಿನ ಇಪ್ಪತ್ತೈದು ವರ್ಷ ತುಂಬುವಾಗ ನಮ್ಮ ಸಂಘದ ಸದಸ್ಯರಲ್ಲಿ ಹೆಬ್ಬೆಟ್ಟು ಒತ್ತುವವರು ಒಬ್ಬರೂ ಇರಬಾರದು, ನಮ್ಮೂರ ಒಂದು ಮಗುವೂ ಶಾಲೆಯ ಹೊರಗಿರಬಾರದು ಎಂದು ಹಾರೈಸುತ್ತೇವೆ.